ಮೇಜಿನ ಕೆಳಗಿನ ಹೆಬ್ಬೆರಳು

ಸಭಾಪತಿ ವಾಧ್ಯಾರರು ಮೂವತ್ತೆಂಟು ವರ್ಷ ತಂಜಾವೂರು ಸೀಮೆಯ ಒಂದೇ ಊರಿನಲ್ಲಿ, ಒಂದೇ ಜಗಲಿಯ ಮೇಲೆ, ಮರಳಿನಲ್ಲಿ ಅಕ್ಷರ ತಿದ್ದಿಸಿದವರು. ಅವರ ಶಿಷ್ಯರು ಕಣದಲ್ಲಿ ನಿಂತು ಭತ್ತದ ಪಾಲನ್ನು ವೀಸದವರೆಗೆ, ಹದಿನಾರನೇ ಒಂದಂಶದವರೆಗೆ, ಬಾಯಲ್ಲೇ ಹೇಳಿಬಿಡುತ್ತಿದ್ದರು. ಅದು ವಿದ್ಯೆಯೇ ಅಲ್ಲವೆಂದು ಕಡಲಾಚೆಯಿಂದ ಬಂದವರು ತೀರ್ಮಾನಿಸಿದರು. ಬೆಂಚಿಲ್ಲ, ಗಂಟೆಯಿಲ್ಲ, ಇಂಗ್ಲೆಂಡಿನ ನದಿಗಳ ಹೆಸರು ಒಬ್ಬ ಹುಡುಗನಿಗೂ ಗೊತ್ತಿಲ್ಲ. ಕಾವೇರಿಯಲ್ಲಿ ಮಿಂದು ಬರುವ ಮಕ್ಕಳಿಗೆ ಆ ನದಿಗಳನ್ನು ಕಟ್ಟಿಕೊಂಡು ಆಗಬೇಕಾದ್ದೇನು ಎಂದು ಕೇಳುವ ಗಂಡಸು ಊರಲ್ಲಿರಲಿಲ್ಲ.

ಜಗಲಿ ಶಾಲೆ ಉಳಿಯಬೇಕಾದರೆ ವಾಧ್ಯಾರರೇ ಪರೀಕ್ಷೆಗೆ ಕೂರಬೇಕೆಂದು ಹುಕುಂ ಬಂತು. ಅರವತ್ತರ ವಯಸ್ಸಿನಲ್ಲಿ ಅವರು ಸ್ಲೇಟು ಹಿಡಿದು ಚಾವಡಿಗೆ ಹೋದರು. ಮೇಜಿನ ಹಿಂದೆ ಪರೀಕ್ಷೆ ಮಾಡಲು ಬಂದ ಇಂಗ್ಲಿಷ್ ದೊರೆ. ಪಕ್ಕದಲ್ಲಿ ಕೋಟು ತೊಟ್ಟ ಗುಮಾಸ್ತ ತಾಂಡವರಾಯ, ವಾಧ್ಯಾರರ ಕೈಯಲ್ಲೇ ಕಲಿತವನು.

"ಮೂವತ್ತೇಳೂಮುಕ್ಕಾಲು ಕಲ ಭತ್ತ, ಕಲಕ್ಕೆ ಹನ್ನೆರಡು ಮರಕಾಲು. ಹದಿನಾರು ಜನಕ್ಕೆ ಸಮಪಾಲು," ಎಂದು ತಾಂಡವರಾಯ ಓದಿದ.

ವಾಧ್ಯಾರರು ಕಣ್ಣು ಮುಚ್ಚಿ ತೆರೆದರು. "ತಲೆಗೆ ಎರಡು ಕಲ, ನಾಲ್ಕೂಕಾಲು ಮರಕಾಲು, ಮೇಲೊಂದು ವೀಸ."

ಉತ್ತರ ಸರಿಯಿತ್ತು, ಸ್ಲೇಟು ಖಾಲಿಯಿತ್ತು. ದೊರೆ ಮುಖ ಗಂಟಿಕ್ಕಿ ಗುಮಾಸ್ತನತ್ತ ತಿರುಗಿದ. "ಬರೆಯದೆ ಈ ಲೆಕ್ಕ ಮಾಡೋಕಾಗುತ್ತಾ? ಯಾರೋ ಮುಂಚೆಯೇ ಹೇಳಿಕೊಟ್ಟಿರಬೇಕು."

ಅಷ್ಟರಲ್ಲಾಗಲೇ ಮೇಜಿನ ಕೆಳಗೆ ತಾಂಡವರಾಯನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡಿ, ಕೊನೆಯ ವೀಸಕ್ಕೆ ಬಂದು ನಿಂತಿತ್ತು. ಅದನ್ನು ವಾಧ್ಯಾರರು ನೋಡಿದ್ದರು.

"ಆಗಲ್ಲ, ದೊರೆ," ಎಂದ ತಾಂಡವರಾಯ.

ಕಳ್ಳನೆಂಬ ಹೆಸರಿನೊಂದಿಗೆ ವಾಧ್ಯಾರರು ಮನೆಗೆ ಬಂದರು. ತಿಂಗಳೊಳಗೆ ಮಕ್ಕಳೆಲ್ಲ ಸರ್ಕಾರಿ ಶಾಲೆಯ ಬೆಂಚು ಹತ್ತಿದರು. ಜಗಲಿಯ ಮರಳಿನಲ್ಲಿ ಕೋಳಿಗಳು ಕೆದಕತೊಡಗಿದವು.

ಆ ವಿಜಯದಶಮಿಯಂದು ತಾಂಡವರಾಯ ತಟ್ಟೆಯಲ್ಲಿ ಅಕ್ಕಿ, ಹೊಸ ಪಂಚೆ ಹಿಡಿದು, ಮೂರು ವರ್ಷದ ಮಗನನ್ನು ಎತ್ತಿಕೊಂಡು ಬಂದ. ಮಗು ನೇರವಾಗಿ ವಾಧ್ಯಾರರ ತೊಡೆಯೇರಿ ಕುಳಿತಿತು.

"ಮೊದಲ ಅಕ್ಷರ ನಿಮ್ಮ ಕೈಯಲ್ಲೇ ಆಗಬೇಕು ಅಂತ ನಮ್ಮ ಅಮ್ಮನ ಹಟ, ಅಯ್ಯಾ."

"ಯಾಕೋ, ನಿಮ್ಮ ಸರ್ಕಾರಿ ಶಾಲೇಲಿ ಅಕ್ಷರ ಮುಗಿದುಹೋಯ್ತಾ?"

"ಅದು ಹೊಟ್ಟೆಪಾಡು, ಅಯ್ಯಾ. ಇದು ಬೇರೆ."

"ಬರೆಸ್ತೀನಿ. ಆವತ್ತು ದೊರೆ ಮುಂದೆ ಹೇಳಿದ್ಯಲ್ಲ, ಅದನ್ನ ಇವನ ಮುಂದೆ ಒಂದು ಸಲ ಹೇಳು. ನಾನು ಕಲಿಸೋ ಲೆಕ್ಕ ಆಗೋದೇ ಇಲ್ಲ ಅಂತ ತಿಳ್ಕೊಂಡೇ ಕಲೀಲಿ."

ತಾಂಡವರಾಯ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡು, ತಟ್ಟೆಯನ್ನಷ್ಟೇ ಮುಂದಕ್ಕೆ ಸರಿಸಿದ. ಮಗು ಅಕ್ಕಿಗೆ ಬೆರಳಿಟ್ಟಿತು. ವಾಧ್ಯಾರರು ಮಗುವಿನ ಬೆರಳನ್ನು ಅಕ್ಕಿಯಿಂದ ಮೆಲ್ಲಗೆ ಬಿಡಿಸಿ, ಮಗುವನ್ನು ತಾಂಡವರಾಯನ ಕೈಗೆ ಕೊಟ್ಟುಬಿಟ್ಟರು.

ಅಕ್ಷರ ಬರೆಸದೆ ಅವರು ತೊಡೆಯಿಂದ ಇಳಿಸಿ ಕಳಿಸಿದ ಮಗು ಅದೊಂದೇ.