ಕುಡಿಯದೆ ಒಳಗೆ ಹೋದ ಗಂಗಪ್ಪ

ಬೆಂಗೇರಿಯ ಗಂಗಪ್ಪ ದವಾಖಾನೆಯ ಹೆಣದ ಕೋಣೆಯಲ್ಲಿ ಕೆಲಸಕ್ಕಿದ್ದ. ಸತ್ತವರನ್ನು ಕೊಯ್ದು ಡಾಕ್ಟರರಿಗೆ ತೋರಿಸಬೇಕು, ಆಮೇಲೆ ಹೊಲಿದು ಮನೆಯವರಿಗೆ ಒಪ್ಪಿಸಬೇಕು. ಅವನ ಅಪ್ಪನೂ ಅದೇ ಮಾಡಿದವ. ಅಪ್ಪನ ಕಾಲಕ್ಕೆ ಪೊಲೀಸರು ಹೆಣದ ಸಂಗಡ ಸಾರಾಯಿ ಬಾಟಲಿಯನ್ನೂ ತರುತ್ತಿದ್ದರು. ಡಾಕ್ಟರರೇ, ಮೊದಲು ಹಾಕಿಕೊಂಡು ಬಾ ಅನ್ನುತ್ತಿದ್ದರು. ಕುಡಿಯದೆ ಒಳಗೆ ಹೋದವನ ಬೆನ್ನಿಗೆ ಹೆಣ ಹತ್ತುತ್ತದೆ ಎಂದು ಅಪ್ಪ ಸಾಯುವತನಕ ಹೇಳಿದ. ಗಂಗಪ್ಪ ನಡುಹಗಲಿಗೆ ವಾಸನೆ ಹೊಡೆಯುತ್ತ ಬಂದರೂ ಹೆಂಡತಿ ಯಂಕವ್ವ ಬೈದವಳಲ್ಲ. ಗೋಡೆ ಕಟ್ಟುವ ಗೌಂಡಿಗೆ ಕರಣಿ ಇದ್ದಂತೆ ಇವನಿಗೆ ಕುಡಿಯುವ ಸೆರೆ ಎಂದುಕೊಂಡಿದ್ದಳು.

ಈ ವರ್ಷ ಬಾಗಿಲಿಗೆ ಊದುವ ಯಂತ್ರ ಬಂತು. ಕುಡಿದದ್ದು ಸಿಕ್ಕರೆ ನೌಕರಿ ಹೋದಂತೆ. ಹೊಸ ಡಾಕ್ಟರ್ ಪೂನಮ್ ಹೊರದೇಶದಲ್ಲಿ ಓದಿ ಬಂದವರು. ಅಲ್ಲಿಯೂ ಹಿಂದೆ ಕಾರಖಾನೆಯವರು ಊಟಕ್ಕೆ ಬಿಯರ್ ಕುಡಿದೇ ಕೆಲಸಕ್ಕೆ ಮರಳುತ್ತಿದ್ದರಂತೆ, ಈಗ ಮುಟ್ಟುವುದಿಲ್ಲವಂತೆ ಎಂದು ಸಮಾಧಾನ ಹೇಳಿದರು. ಅವರೇನು ಹೆಣ ಕೊಯ್ಯುತ್ತಿದ್ದರೇ ಎಂದು ಗಂಗಪ್ಪ ಮನಸ್ಸಿನಲ್ಲೇ ಅಂದುಕೊಂಡ.

ಯಂತ್ರ ಬಂದ ದಿನ ಅವನಿಗೆ ರೊಟ್ಟಿ ಇಳಿಯಲಿಲ್ಲ.

"ಹೆದರಿಕಿ ಬಂದ್ರ ನನ್ನ ನೆನಸ್ಕೋರಿ" ಅಂದಳು ಯಂಕವ್ವ.

"ನಿನ್ನ ನೆನಸ್ಕೊಂಡ್ರ ಇನ್ನಷ್ಟ ಬರತೈತಿ" ಅಂದ.

ಬಾಗಿಲಲ್ಲಿ ಊದಿದ. ಹಸಿರು ದೀಪ ಹತ್ತಿತು. ಕೆಂಪು ಹತ್ತಿದ್ದರೆ ಒಳಗೆ ಹೋಗುವುದಾದರೂ ತಪ್ಪುತ್ತಿತ್ತು ಅನ್ನಿಸಿತು. ಅಷ್ಟರಲ್ಲಿ ಒಬ್ಬ ಬಂದು ಕೈ ಹಿಡಿದ. ಅಮ್ಮಿನಬಾವಿಯ ರಾಜರತ್ನ, ರಸ್ತೆ ದಾಟುವಾಗ ಗಾಡಿ ಬಡಿದು ಸತ್ತ ಮುದುಕಿಯ ಮಗ. ಟವೆಲ್ಲಿನಲ್ಲಿ ಸುತ್ತಿದ ಬಾಟಲಿ ಕೊಟ್ಟು, "ಕಾಕಾ, ನಮ್ಮವ್ವನ್ನ ಹಗೂರಕ ನೋಡ್ಕೋರಿ" ಅಂದ.

ಊದುವುದು ಮುಗಿದಿತ್ತು. ಎರಡು ಗುಟುಕು ಹಾಕಿದರೆ ಕೈಯ ನಡುಕ ನಿಲ್ಲುತ್ತಿತ್ತು. ಆದರೆ ಹೊರಗೆ ಬರುವಾಗ ಮತ್ತೆ ಊದಬೇಕು. ಬಾಟಲಿ ತಿರುಗಿ ಕೊಟ್ಟ. ಈಗ ಕುಡಿಯುವಂತಿಲ್ಲ ಎಂದ.

ರಾಜರತ್ನನ ಮುಖ ಇಳಿಯಿತು. "ಹಂಗಾರ ನಿಮ್ಮ ಕೈ ನಡಗಂಗಿಲ್ಲೇನ್ರಿ, ನಮ್ಮವ್ವನ ಮ್ಯಾಲ?"

ಅದೇ ಅಂಜಿಕೆ ಗಂಗಪ್ಪನದೂ. "ನಿಮ್ಮವ್ವನ ಹೆಸರೇನಪಾ?" ಎಂದು ಕೇಳಿದ. ಇಷ್ಟು ವರ್ಷ ಯಾರ ಹೆಸರನ್ನೂ ಕೇಳಿದವನಲ್ಲ.

"ಹುಲಿಗೆವ್ವ."

ಒಳಗೆ ಡಾಕ್ಟರ್ ಪೂನಮ್ ಕೈಗವಸು ಹಾಕಿಕೊಂಡು ನಿಂತಿದ್ದರು. ಗಂಗಪ್ಪ ಬಟ್ಟೆ ಸರಿಸಿದ. ಕುಡಿದಾಗ ಮುಖ ಎಂಬುದು ಅವನಿಗೆ ಕಾಣುತ್ತಿರಲಿಲ್ಲ. ಈಗ ಎಲ್ಲವೂ ಕಂಡಿತು: ಗದ್ದದ ಮೇಲಿನ ಹಚ್ಚೆ, ವಾಲೆಯ ಭಾರಕ್ಕೆ ಹರಿದ ಕಿವಿ, ಅರ್ಧ ತೆರೆದ ಬಾಯಿ. ಏನೋ ಹೇಳಲು ಹೊರಟಂತಿತ್ತು. ಅಪ್ಪನ ಮಾತು ನೆನಪಾಗಿ ಬೆನ್ನು ತಣ್ಣಗಾಯಿತು. ಯಾರೋ ಹಿಂದೆ ನಿಂತಂತೆ. ತಿರುಗಿ ನೋಡುವ ಧೈರ್ಯ ಆಗಲಿಲ್ಲ. ಚಾಕು ಮೇಲೇಳಲಿಲ್ಲ. ಡಾಕ್ಟರ್ ಅವಸರ ಮಾಡದೆ ಕಾದರು.

ಅವನು ಬಗ್ಗಿ ಮುದುಕಿಯ ಕಿವಿಯ ಹತ್ತಿರ ಬಾಯಿ ಇಟ್ಟ.

"ಯವ್ವಾ ಹುಲಿಗೆವ್ವಾ, ಹೆದರಬ್ಯಾಡ. ನಾನೂ ಹೆದರೇನಿ. ಇಬ್ರೂ ಕೂಡಿ ಸಾವಕಾಶ ಮುಗಸೋಣು."

ನಡುಕ ನಿಲ್ಲಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದು ಮುದುಕಿಯ ಎದೆಯ ಮೇಲೆ ಕೊಯ್ಯಲು ಚಾಕು ಇಟ್ಟ.