ಉಂಡವಲ್ಲಿಯ ಗುಹೆಯಲ್ಲಿ ಕೇಳಿದ ದನಿ

ಬೆಳಿಗ್ಗೆ ಬಟ್ಟೆ ಒಗೆದು, ದೋಸೆಗೆ ಅಕ್ಕಿ ನೆನೆಹಾಕಿ, ಯಜಮಾನರಿಗೆ ಮಾತ್ರೆ ಕೊಟ್ಟು, ವಿಜಯವಾಡದಿಂದ ಕೃಷ್ಣೆಯಾಚೆಯ ಉಂಡವಲ್ಲಿಗೆ ಇಬ್ಬರೂ ಹೋದೆವು. ಲಕ್ವ ಹೊಡೆದ ಮೇಲೆ ಅವರಿಗೆ ಮಾತಿಲ್ಲ. ಇಬ್ಬರ ಮಾತನ್ನೂ ನಾನೇ ಆಡುತ್ತೇನೆ.

ಅದು ಬೆಟ್ಟದ ಬಂಡೆಯನ್ನೇ ಅಂತಸ್ತು ಅಂತಸ್ತಾಗಿ ಕೊರೆದು ಮಾಡಿದ ಪುರಾತನ ಗುಡಿ. ಕಂಬಗಳೂ ಅದೇ ಬಂಡೆಯವು. ಒಳಗಿನ ಕತ್ತಲಲ್ಲಿ ಗೋಡೆಯುದ್ದಕ್ಕೂ ಅನಂತಶಯನ ಮಲಗಿದ್ದಾನೆ. ಅವನ ಪಾದದ ಹತ್ತಿರ ಯಜಮಾನರ ತೋಳು ಹಿಡಿದು ನಿಂತು, "ನೋಡ್ರೀ, ಬ್ಯಾಂಕ್ ಕೆಲಸ ಮುಗಿಸಿ ಬಂದು ಮಲಗ್ತಿದ್ದ ನಿಮ್ಮ ಹಾಗೇ ಮಲಗಿದಾನೆ" ಅಂದೆ.

"ಮೆಲ್ಲಗೆ ಕಣೇ. ಈಗಷ್ಟೇ ನಿದ್ದೆ ಬಂದಿದೆ."

ದನಿ ಯಜಮಾನರದೇ, ಲಕ್ವಕ್ಕೆ ಮುಂಚಿನದು. ಆದರೆ ಬಂದದ್ದು ದೂರದಿಂದ, ವಿಗ್ರಹದ ತಲೆಯ ಕಡೆಯಿಂದ. ಮೊಬೈಲ್ ಬೆಳಕು ಹಿಡಿದೆ. ಅಲ್ಲಿ ಬರೀ ಕಲ್ಲು. ಪಕ್ಕದಲ್ಲಿದ್ದ ಇವರ ತುಟಿ ಮುಚ್ಚಿತ್ತು. ಇವರೂ ಆ ಕಡೆಯೇ ನೋಡುತ್ತಿದ್ದರು. ಒಳಗೆ ಬೇರೆ ಯಾರಿದ್ದಾರೆ ಎಂದು ಬಾಗಿಲಲ್ಲಿದ್ದ ಕಾವಲುಗಾರನನ್ನು ಕೇಳಿದೆ. "ಲೋಪಲ ಮೀರಿದ್ದರೇ ಅಮ್ಮಾ," ಒಳಗಿರುವುದು ನೀವಿಬ್ಬರೇ ಎಂದು ತೆಲುಗಿನಲ್ಲಿ ಹೇಳಿದ.

ರಾತ್ರಿ ಮೊಸರನ್ನ, ಮಾವಿನ ಉಪ್ಪಿನಕಾಯಿ ಉಂಡೆವು. ಅವರೇ ಮೊದಲು ಮಲಗಿದರು. ನಾನು ದೀಪ ಆರಿಸಿ, ಅವರ ತುಟಿಯ ಹತ್ತಿರ ಕಿವಿಯಿಟ್ಟು ಬಹಳ ಹೊತ್ತು ಕೂತಿದ್ದೆ.