ಕ್ಯಾಸೆಟ್ ಬುರಾನನ ಶುಕ್ರವಾರಗಳು

ಅಫಜಲಪುರದ ಬಸ್‌ಸ್ಟ್ಯಾಂಡಿನೆದುರು ಬುರಾನುದ್ದೀನನ ಕ್ಯಾಸೆಟ್ ಅಂಗಡಿ. ಚೀಟಿಯಲ್ಲಿ ಹತ್ತು ಹಾಡು ಬರೆದುಕೊಟ್ಟರೆ ಸಂಜೆಯೊಳಗೆ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುತ್ತಿದ್ದ. ಕಳವಲ್ಲವೇ ಎಂದರೆ ಕಳವೇ, ಅದರಲ್ಲೇನು ಮುಚ್ಚುಮರೆ? ಕಂಪನಿಯ ಕ್ಯಾಸೆಟ್ಟು ಒಂದು ಕೊಂಡು ಐವತ್ತು ಮಾಡಿ ಮಾರುವ ಆಸಾಮಿ. ಆದರೆ ಊರಲ್ಲಿ ಯಾರೂ ಅವನನ್ನು ಕಳ್ಳ ಎನ್ನಲಿಲ್ಲ. ಎನ್ನಬೇಕಾದವರ ಮನೆಯಲ್ಲೂ ಅವನು ತುಂಬಿಕೊಟ್ಟ ಹಾಡುಗಳೇ ಕೂಗುತ್ತಿದ್ದವು.

ಇನ್ನೊಂದು ಕೆಲಸವೂ ಅವನ ಕೈಯಲ್ಲಿತ್ತು. ಗಂಡನೋ ಮಗನೋ ಸೌದಿಗೆ ದುಡಿಯಲು ಹೋದ ಹೆಂಗಸರಿಗೆ ಕಾಗದ ಬರೆಯಲು ಬಾರದು. ಅವರು ಬಂದು ಮೈಕಿನ ಮುಂದೆ ಕೂತು ಮಾತಾಡುವರು, ಆ ಕ್ಯಾಸೆಟ್ಟು ಯಾರದೋ ಕೈಯಲ್ಲಿ ಸಮುದ್ರ ದಾಟುವುದು. ಒಯ್ಯುವವರಿಗೋ ತಡೆಯಲಾರದ ಚಪಲ, ದಾರಿಯಲ್ಲೇ ಹಾಕಿ ಕೇಳಿಬಿಡುವರು. ಅದಕ್ಕೆ ಬುರಾನುದ್ದೀನ ಒಂದು ಉಪಾಯ ಹುಡುಕಿದ: ಮೊದಲು ಎರಡು ಸಿನಿಮಾ ಹಾಡು, ಆಮೇಲೆ ಮಾತು. ಹಾಡಿನ ಕ್ಯಾಸೆಟ್ಟೆಂದು ತಿಳಿದು ಸುಮ್ಮನಾಗಲಿ ಎಂದು. ಅದೇ ರೂಢಿಯಾಗಿ, ಅಲ್ಲಿಂದ ಬರುವ ಕ್ಯಾಸೆಟ್ಟುಗಳೂ ಹಾಡಿನಿಂದಲೇ ಶುರುವಾಗುತ್ತಿದ್ದವು.

ಹಮೀದಾಬೇಗಂ ಎಂಬ ಮುದುಕಿಯ ಒಬ್ಬನೇ ಮಗ ಶರಫುದ್ದೀನ ಜಿದ್ದಾದಿಂದ ಕಳಿಸಿದ್ದು ಒಂದೇ ಕ್ಯಾಸೆಟ್ಟು. ಅದು ಬಂದ ಹದಿನೈದು ದಿನಕ್ಕೆ ಅವನು ಕಟ್ಟಡದ ಮೇಲಿಂದ ಬಿದ್ದು ಸತ್ತ. ಮಣ್ಣೂ ಅಲ್ಲೇ ಆಯಿತು, ತಾಯಿಗೆ ಮುಖ ನೋಡುವ ಭಾಗ್ಯವೂ ಇಲ್ಲ. ಮನೆಯಲ್ಲಿ ಟೇಪಿರಲಿಲ್ಲ. ಪ್ರತಿ ಶುಕ್ರವಾರ ಆಕೆ ಅಂಗಡಿಗೆ ಬಂದರೆ ಬುರಾನುದ್ದೀನ ಗಿರಾಕಿಗಳನ್ನು ಹೊರಗೆ ನಿಲ್ಲಿಸಿ ಅದನ್ನು ಹಾಕುತ್ತಿದ್ದ.

"ಖಾಲಾ, ಚಹಾ ತರಸ್ಲೇನ್ರಿ?"

"ಬ್ಯಾಡ ಬೇಟಾ. ಮೊದಲ ಕ್ಯಾಸೆಟ್ ಹಾಕು."

ಕ್ಯಾಸೆಟ್ಟು ಅಂಗಡಿಯಲ್ಲೇ ಇರುತ್ತಿತ್ತು. ಊರಿಗೆಲ್ಲ ಕಾಪಿ ಮಾಡಿಕೊಟ್ಟ ಪುಣ್ಯಾತ್ಮ ಅದಕ್ಕೊಂದು ಕಾಪಿ ಮಾಡಿಡಲಿಲ್ಲ ನೋಡಿ! ನಾಳೆ ಮಾಡಿದರಾಯಿತು ಎನ್ನುತ್ತ ಮೂರು ವರ್ಷ ಕಳೆದ. ದೀಪದ ಬುಡದಲ್ಲೇ ಕತ್ತಲು.

ತೊಂಬತ್ತರ ಬೇಸಿಗೆಯಲ್ಲಿ ಕಂಪನಿಯ ಮನುಷ್ಯನೊಬ್ಬ ಪೊಲೀಸರನ್ನು ಕರಕೊಂಡು ಬಂದ. ಕಂಪನಿ ಲೇಬಲ್ಲಿಲ್ಲದ ಒಂದೊಂದನ್ನೂ ಹಾಕಿ ಅರ್ಧ ನಿಮಿಷ ಕೇಳುವುದು, ಹಾಡು ಬಂದರೆ ಚೀಲಕ್ಕೆ ತುಂಬುವುದು. ಶರಫುದ್ದೀನನ ಕ್ಯಾಸೆಟ್ಟೂ ಹಾಡಿತು.

"ಸಾಹೇಬ್ರ, ಅದು ಹಾಡಿನ ಕ್ಯಾಸೆಟ್ ಅಲ್ರಿ, ಸತ್ತ ಹುಡುಗನ ಮಾತದ. ಮುಂದ ಓಡಿಸಿ ಕೇಳ್ರಿ, ನಿಮ್ಮ ಕಾಲಿಗಿ ಬೀಳ್ತೇನಿ," ಎಂದು ಬುರಾನುದ್ದೀನ ಗೋಗರೆದ.

"ಕಳ್ಳರೆಲ್ಲಾ ಹಿಂಗೇ ಅಂತಾರ," ಎಂದ ಫೌಜದಾರ. ಚೀಲಕ್ಕೆ ಅರಗಿನ ಸೀಲು ಬಿತ್ತು.

ವಕೀಲ ಅನಂತರಾಯರು ದಾರಿ ತೋರಿಸಿದರು. "ಮಾಲು ನಂದಲ್ಲ, ಯಾರೋ ಇಟ್ಟು ಹೋಗ್ಯಾರ ಅನ್ನು. ಬಿಡಿಸ್ಕೊಂಡು ಬರ್ತೇನಿ."

"ನಂದಲ್ಲ ಅಂದಮ್ಯಾಲ ಖಾಲಾನ ಕ್ಯಾಸೆಟ್ ಯಾವ ಬಾಯಿಲೆ ಕೇಳ್ಲಿರಿ?"

"ತಲಿ ಕೆಟ್ಟದೇನಲೇ ನಿಂದು? ಜೇಲಿಗೆ ಹೋಗ್ತಿ!"

ಕೇಳಲಿಲ್ಲ. ಕಟಕಟೆಯಲ್ಲಿ ನಿಂತು ಎಲ್ಲವೂ ನನ್ನವೇ ಎಂದ, ಒಂದನ್ನು ಮಾತ್ರ ಮರಳಿಸಿರಿ ಎಂದು ಕೈಮುಗಿದ. ಆರು ತಿಂಗಳ ಸಜೆಯಾಯಿತು. ಚೀಲ ಕಂಪನಿಯ ವಶಕ್ಕೆ ಹೋಯಿತು. ಅದನ್ನು ಬಿಚ್ಚಿ ಮುದುಕಿಯ ಕ್ಯಾಸೆಟ್ಟು ಹುಡುಕುವ ವ್ಯವಧಾನ ಯಾರಿಗಿತ್ತು? ಕೋರ್ಟಿನ ಹಿಂದಿನ ಬಯಲಲ್ಲೇ ಸುಟ್ಟರು. ವ್ಯಾನು ಹತ್ತುವಾಗ ಆ ಕಪ್ಪು ಹೊಗೆ ಅವನ ಕಣ್ಣಿಗೆ ಬಿತ್ತು. ಮೊದಲು ಹಾಡು ಹಾಕಿರೆಂದು ಊರಿಗೆಲ್ಲ ಕಲಿಸಿದವನು ತಾನೇ ಅಲ್ಲವೇ! ಎದೆ ಬಡಿದುಕೊಂಡು ಅತ್ತ. ಜೇಲಿಗೆ ಹೆದರಿದ ಎಂದು ಪೊಲೀಸರು ನಕ್ಕರು.

ಬಿಡುಗಡೆಯಾದ ದಿನ ನೇರ ಹಮೀದಾಬೇಗಂಳ ಮನೆಗೆ ಹೋದ. ಮೂರು ವರ್ಷ ಕೇಳಿದ ಮಾತು, ಒಂದಕ್ಷರವೂ ಮರೆತಿರಲಿಲ್ಲ. ಅದನ್ನಾದರೂ ಕೊಡೋಣವೆಂದು ಆಕೆಯ ಮುಂದೆ ಕೂತು ಹೇಳತೊಡಗಿದ.

"ಅಮ್ಮಿ, ನಾ ಚಲೋ ಅದೀನಿ. ಇಲ್ಲಿ ಬಿಸಲು ನಮ್ಮೂರಿನಂಗೇ ಅದ. ಮೊಣಕಾಲಿಗಿ ಎಣ್ಣಿ ಹಚ್ಕೋ. ಮಳಿ ಬರೂದ್ರೊಳಗ ಮಾಳಗಿ ಮ್ಯಾಲ ಮಣ್ಣು ಹಾಕಸು..." ಕೊನೆಯ ಸಲಾಮಿನವರೆಗೂ ಹೇಳಿ ಮುಗಿಸಿದ.

ಮುದುಕಿ ತಲೆ ತಗ್ಗಿಸಿ ಕೇಳಿದಳು. ಆಮೇಲೆ ಅವನ ತಲೆ ಸವರಿದಳು.

"ಮಾತು ನನಗೂ ಬಾಯಿಪಾಠ ಅದಾವ ಬೇಟಾ," ಎಂದಳು. "ನಾ ದನಿ ಕೇಳಾಕ ಬರ್ತಿದ್ದೆ."